ಮನೆಯ ವೈಫೈ ಜಾಲದಲ್ಲಿ ಸ್ಥಿರ ವಿಳಾಸ ಮತ್ತು ಪೋರ್ಟ್ ಫಾರ್ವರ್ಡಿಂಗ್

ಸ್ಥಿರ ವಿಳಾಸವೆಂದರೆ ಮನೆಯ ಜಾಲದೊಳಗಿನ ಒಂದು ಸಾಧನಕ್ಕೆ ಬದಲಾಗದಂತೆ ಗೊತ್ತುಮಾಡಿದ ಐಪಿ ಸಂಖ್ಯೆ. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಹೊರಗಿನ ಇಂಟರ್‌ನೆಟ್‌ನಿಂದ ರೂಟರ್‌ನ ಒಂದು ಗೊತ್ತಾದ ಪೋರ್ಟಿಗೆ ಬರುವ ಸಂಪರ್ಕವನ್ನು ಆ ಸಾಧನಕ್ಕೆ ತಲುಪಿಸು ಎಂದು ರೂಟರ್‌ಗೆ ಬರೆದಿಡುವ ಕಾಯಂ ನಿಯಮ. ರೂಟರ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಪುಟಗಳಿವೆ. ಕೆಲಸ ಮಾತ್ರ ಒಂದೇ. ಫಾರ್ವರ್ಡಿಂಗ್ ನಿಯಮದಲ್ಲಿ ಒಳಗಿನ ಸಾಧನದ ಹೆಸರಲ್ಲ, ವಿಳಾಸ ಇರುತ್ತದೆ. ಆ ವಿಳಾಸ ನಾಳೆ ಬೇರೊಂದು ಮೊಬೈಲಿಗೆ ಹೋದರೆ ನಿಯಮವೂ ಮೊಬೈಲಿನ ಕಡೆಗೇ ತಿರುಗುತ್ತದೆ.

ಕೋಲಾರ ಜಿಲ್ಲೆಯ ತಮಿಳುನಾಡು, ಆಂಧ್ರ ಗಡಿಗೆ ಹತ್ತಿರದ ಹೋಬಳಿ ಕಾಮಸಮುದ್ರ, ಅದರ ನೆರೆಯ ಬಂಗಾರಪೇಟೆ ಮತ್ತು ಕೆಜಿಎಫ್‌ಗಳಲ್ಲಿ ಈ ತಂತ್ರ ಮನೆಗಳಿಗೆ ಬಂದದ್ದು ಬಹುಪಾಲು ಸಿಸಿಟಿವಿ ಕ್ಯಾಮೆರಾಗಳ ದಾರಿಯಿಂದ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿಗಳು ಮುಚ್ಚಿದ ಮೇಲೆ ದುಡಿಮೆಗೆ ಬೆಂಗಳೂರನ್ನು ನೆಚ್ಚಿದ ಸೀಮೆಯಿದು. ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ಬೆಳಗಿನ ರೈಲು ಹತ್ತಿ ಸಂಜೆ ಮರಳುವವರಿಗೆ ಬೀಗ ಹಾಕಿದ ಮನೆಯನ್ನೋ ಅಂಗಡಿಯನ್ನೋ ಮೊಬೈಲಿನಲ್ಲಿ ನೋಡುವ ಅಗತ್ಯವಿದೆ. ಹೊರಗಿನಿಂದ ಒಳಗಿನ ಯಂತ್ರವೊಂದನ್ನು ತಲುಪಬೇಕೆಂಬ ಈ ಅಗತ್ಯವೇ ಪೋರ್ಟ್ ಫಾರ್ವರ್ಡಿಂಗ್‌ನ ವಿಷಯ.

ಪರಿಭಾಷೆ

ಕ್ಯಾಮೆರಾ ಜೋಡಿಸುವವರ ಮಾತಿನಲ್ಲಿ ಪೋರ್ಟ್ ಫಾರ್ವರ್ಡಿಂಗ್‌ಗೆ ‘ಪೋರ್ಟ್ ಓಪನ್ ಮಾಡೋದು’ ಎನ್ನುತ್ತಾರೆ. ಇದರಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ‘ಸ್ಟ್ಯಾಟಿಕ್ ಐಪಿ’ ಎಂಬ ಮಾತಿನಲ್ಲಿ. ಅದು ಎರಡು ಬೇರೆ ವಸ್ತುಗಳಿಗೆ ಬಳಕೆಯಾಗುತ್ತದೆ. ಮನೆಯೊಳಗೆ ಕ್ಯಾಮೆರಾ ದೃಶ್ಯಗಳನ್ನು ದಾಖಲಿಸುವ ಡಿವಿಆರ್‌ಗೆ 192.168.1.50 ಎಂದು ಗೊತ್ತುಮಾಡುವುದೂ ಸ್ಟ್ಯಾಟಿಕ್ ಐಪಿಯೇ, ಇಂಟರ್‌ನೆಟ್ ಕಂಪನಿ ಶುಲ್ಕ ಪಡೆದು ಸಂಪರ್ಕಕ್ಕೆ ಕೊಡುವ ಬದಲಾಗದ ಸಾರ್ವಜನಿಕ ಸಂಖ್ಯೆಯೂ ಸ್ಟ್ಯಾಟಿಕ್ ಐಪಿಯೇ. ಮೊದಲನೆಯದು ಬಿಟ್ಟಿ, ಮನೆಯವರೇ ಮಾಡಿಕೊಳ್ಳಬಹುದಾದದ್ದು. ಎರಡನೆಯದನ್ನು ಕೊಂಡುಕೊಳ್ಳಬೇಕು. ಈ ಲೇಖನದಲ್ಲಿ, ಸ್ಥಿರವಾಗಿರಲಿ ಬಿಡಲಿ, ಮನೆಯೊಳಗಿನ ಸಂಖ್ಯೆಗೆ ಒಳವಿಳಾಸ, ಸಾರ್ವಜನಿಕ ಸಂಖ್ಯೆಗೆ ಹೊರವಿಳಾಸ ಎಂಬ ಪದಗಳನ್ನು ಬಳಸಿದೆ.

ಪೋರ್ಟ್ ಎಂದರೆ ಇಲ್ಲಿ ರೂಟರ್‌ನ ಹಿಂಬದಿಯಲ್ಲಿ ತಂತಿ ಸಿಕ್ಕಿಸುವ ತೂತಲ್ಲ. ಒಂದೇ ವಿಳಾಸದಲ್ಲಿ ನಡೆಯುವ ಬೇರೆ ಬೇರೆ ಸೇವೆಗಳನ್ನು ಗುರುತಿಸುವ 16 ಬಿಟ್‌ಗಳ ಸಂಖ್ಯೆ. ಅದು 0ಯಿಂದ 65535ರವರೆಗೆ ಇರಬಹುದು. 1023ರವರೆಗಿನವು ಹೆಸರಾಂತ ಸೇವೆಗಳಿಗೆ ಮೀಸಲು: ವೆಬ್ ಪುಟಗಳಿಗೆ 80 ಮತ್ತು 443, ದೂರದಿಂದ ಆದೇಶ ಕೊಡುವ ಎಸ್‌ಎಸ್‌ಎಚ್‌ಗೆ 22, ಕ್ಯಾಮೆರಾದ ವಿಡಿಯೊ ಹರಿವಿಗೆ ಬಳಸುವ ಆರ್‌ಟಿಎಸ್‌ಪಿಗೆ 554. 49152ರಿಂದ ಮೇಲಿನವು ಆ ಹೊತ್ತಿನ ಬಳಕೆಗೆ ಬಿಟ್ಟವು.

ಹುಟ್ಟು

1981ರಲ್ಲಿ ನಿಗದಿಯಾದ ಐಪಿ ನಿಯಮಾವಳಿಯ ನಾಲ್ಕನೇ ಆವೃತ್ತಿಯಲ್ಲಿ ವಿಳಾಸಕ್ಕೆ 32 ಬಿಟ್‌ಗಳಿದ್ದವು. ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಆ ಕಾಲಕ್ಕೆ ಅದು ಮುಗಿಯದ ನಿಧಿಯಂತೆ ಕಂಡಿತ್ತು. ತೊಂಬತ್ತರ ದಶಕದ ಆರಂಭಕ್ಕೇ ಅದು ಸಾಲದೆಂಬುದು ಸ್ಪಷ್ಟವಾದಾಗ ಬಂದ ಉಪಾಯಗಳಲ್ಲಿ ಮೂರು ಇಂದಿನ ಪ್ರತಿ ಮನೆಯ ರೂಟರ್‌ನಲ್ಲೂ ಉಳಿದಿವೆ. 1993ರ ಡಿಎಚ್‌ಸಿಪಿ, ಸಾಧನಗಳಿಗೆ ವಿಳಾಸವನ್ನು ತಾನಾಗಿ, ಇಂತಿಷ್ಟು ಅವಧಿಗೆಂದು ಹಂಚುವ ಕ್ರಮ. 1994ರಲ್ಲಿ ಪ್ರಕಟವಾದ ನ್ಯಾಟ್, ಒಂದೇ ಹೊರವಿಳಾಸದ ಹಿಂದೆ ಹಲವು ಯಂತ್ರಗಳನ್ನು ಅಡಗಿಸುವ ವಿಳಾಸ ಬದಲಾವಣೆ. 1996ರ ಆರ್‌ಎಫ್‌ಸಿ 1918, ಮನೆ ಕಚೇರಿಗಳ ಒಳಬಳಕೆಗೆ ಮೂರು ಗುಂಪುಗಳನ್ನು ಬಿಟ್ಟುಕೊಟ್ಟ ದಾಖಲೆ: 10ರಿಂದ ಮೊದಲಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಮೊದಲಾಗುವವು. ಊರೂರಲ್ಲೂ ಒಂದನೇ ಅಡ್ಡರಸ್ತೆ ಇರುವ ಹಾಗೆ 192.168.1.1 ಎಂಬುದು ಲಕ್ಷಾಂತರ ಮನೆಗಳಲ್ಲಿದೆ. ಊರಿನ ಹೆಸರಿಲ್ಲದೆ ಆ ರಸ್ತೆಗೆ ಹೊರಗಿನವರು ಬರಲಾರರು.

ಭಾರತದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಸೇವೆ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮೂಲಕ ಆರಂಭವಾಯಿತು. ಡಯಲ್ ಮಾಡಿ ಒಂದೇ ಕಂಪ್ಯೂಟರ್ ಜೋಡಿಸುತ್ತಿದ್ದ ಆ ದಿನಗಳಲ್ಲಿ ಮನೆಗೆ ಒಳಜಾಲವೇ ಇರಲಿಲ್ಲ. 2005ರ ಜನವರಿಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಬಂದವು: ಬಿಎಸ್‌ಎನ್‌ಎಲ್ ದೂರವಾಣಿ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಆರಂಭಿಸಿತು, ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳನ್ನು ಕೇಂದ್ರ ಸರ್ಕಾರ ಪರವಾನಗಿಯಿಂದ ಮುಕ್ತಗೊಳಿಸಿತು. ಮೋಡೆಮ್, ರೂಟರ್, ವೈಫೈ ಮೂರೂ ಸೇರಿದ ಒಂದೇ ಪೆಟ್ಟಿಗೆ ಮನೆಗಳಿಗೆ ಬಂದದ್ದು ಅದರ ನಂತರ. ಈಚಿನ ವರ್ಷಗಳಲ್ಲಿ ತಾಮ್ರದ ತಂತಿಯ ಜಾಗಕ್ಕೆ ಫೈಬರ್ ಬಂದಿದೆ. ಸಣ್ಣ ಊರುಗಳಲ್ಲಿ ಅದನ್ನು ಮನೆಗೆ ಎಳೆಯುವವರು ಹೆಚ್ಚಾಗಿ ಹಿಂದೆ ಕೇಬಲ್ ಟಿವಿ ನಡೆಸುತ್ತಿದ್ದವರೇ.

ಒಳಜಾಲದ ರಚನೆ

ರೂಟರ್‌ಗೆ ಎರಡು ಮುಖಗಳು. ಹೊರಮುಖಕ್ಕೆ ಕಂಪನಿ ವಿಳಾಸ ಕೊಡುತ್ತದೆ. ಒಳಮುಖದ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ ಅಂಥದೇ ಒಂದು. ಇದಕ್ಕೆ ಗೇಟ್‌ವೇ ಎಂದು ಹೆಸರು. ಮುಖವಾಡ (ಸಬ್‌ನೆಟ್ ಮಾಸ್ಕ್) 255.255.255.0 ಆಗಿದ್ದರೆ ಒಳಜಾಲದಲ್ಲಿ 254 ವಿಳಾಸಗಳಿಗೆ ಜಾಗವುಂಟು. ವೈಫೈನಲ್ಲಿ ಸೇರಿದ ಮೊಬೈಲ್, ತಂತಿಯಲ್ಲಿ ಸೇರಿದ ಡಿವಿಆರ್ ಎರಡೂ ಈ ಒಂದೇ ಸಾಲಿನ ಮನೆಗಳು. ಅತಿಥಿ ವೈಫೈ ಮಾತ್ರ ಹೊರತು. ಅದರಲ್ಲಿ ಸೇರಿದ ಸಾಧನ ಒಳಗಿನ ಇತರ ಸಾಧನಗಳನ್ನು ಕಾಣದಂತೆ ಬೇರ್ಪಡಿಸಿರುತ್ತಾರೆ.

ಹೊಸ ಸಾಧನವೊಂದು ಸೇರಿದಾಗ ನಾಲ್ಕು ಮಾತು ನಡೆಯುತ್ತವೆ. ವಿಳಾಸ ಕೊಡುವವರು ಯಾರಿದ್ದೀರಿ ಎಂದು ಸಾಧನ ಕೂಗುತ್ತದೆ, ರೂಟರ್ ಒಂದು ಸಂಖ್ಯೆಯನ್ನು ಮುಂದಿಡುತ್ತದೆ, ಸಾಧನ ಅದನ್ನೇ ಕೋರುತ್ತದೆ, ರೂಟರ್ ಖಚಿತಪಡಿಸುತ್ತದೆ. ಹೀಗೆ ಸಿಕ್ಕಿದ ವಿಳಾಸ ಗುತ್ತಿಗೆಯದು, ಅವಧಿ ಹಲವು ರೂಟರ್‌ಗಳಲ್ಲಿ 24 ಗಂಟೆ. ಅರ್ಧ ಅವಧಿ ಕಳೆದಾಗ ಸಾಧನ ನವೀಕರಣ ಕೇಳುವುದರಿಂದ ಎಲ್ಲ ಸರಿಯಿರುವಷ್ಟು ದಿನ ಸಂಖ್ಯೆ ಬದಲಾಗದೆ ಉಳಿಯಬಹುದು. ಜೋಡಿಸಿದ ದಿನ ಚೆನ್ನಾಗಿದ್ದ ಕ್ಯಾಮೆರಾ ತಿಂಗಳ ನಂತರ ಕಾಣದಾಗುವುದಕ್ಕೆ ಈ ತೋರಿಕೆಯ ಸ್ಥಿರತೆಯೇ ಕಾರಣ. ಕರೆಂಟ್ ಹೋಗಿ ಬಂದಾಗ ಹಲವು ಅಗ್ಗದ ರೂಟರ್‌ಗಳ ಗುತ್ತಿಗೆ ಪಟ್ಟಿ ಅಳಿಸಿಹೋಗುತ್ತದೆ. ಮೊದಲು ಎದ್ದು ಕೇಳಿದ ಸಾಧನಕ್ಕೆ ಮೊದಲ ಸಂಖ್ಯೆ ಸಿಗುತ್ತದೆ. ಬ್ಯಾಟರಿಯಿಂದ ನಡೆಯುತ್ತಲೇ ಇದ್ದ ಮೊಬೈಲು, ಎದ್ದೇಳಲು ನಿಮಿಷ ಹಿಡಿಯುವ ಡಿವಿಆರ್‌ಗಿಂತ ಸಹಜವಾಗಿ ಮುಂದಿರುತ್ತದೆ. ಆಗಾಗ ಕರೆಂಟ್ ಹೋಗುವ ಹಳ್ಳಿಗಳಲ್ಲಿ ಸ್ಥಿರ ಒಳವಿಳಾಸದ ಅಗತ್ಯ ನಗರಕ್ಕಿಂತ ಹೆಚ್ಚು.

ಸ್ಥಿರ ಒಳವಿಳಾಸ ಕೊಡುವ ವಿಧಾನಗಳು

ವಿಧಾನಗಳು ಎರಡು. ಒಂದು, ಸಾಧನದಲ್ಲಿಯೇ ವಿಳಾಸ, ಮುಖವಾಡ, ಗೇಟ್‌ವೇ, ಜಾಲತಾಣದ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ನಾಲ್ಕನ್ನೂ ಕೈಯಿಂದ ತುಂಬುವುದು. ಹೀಗೆ ಮಾಡುವಾಗ ಆರಿಸಿದ ಸಂಖ್ಯೆ ರೂಟರ್ ತಾನಾಗಿ ಹಂಚುವ ಸಾಲಿನ ಹೊರಗಿರಬೇಕು. ಹಂಚುವ ಸಾಲು 100ರಿಂದ 200 ಎಂದಿದ್ದರೆ ಡಿವಿಆರ್‌ಗೆ 50 ಸರಿ, 105 ತಪ್ಪು. ರೂಟರ್ ಅದೇ 105ನ್ನು ಇನ್ನೊಂದು ಸಾಧನಕ್ಕೆ ಕೊಟ್ಟ ದಿನ ಎರಡೂ ತಡವರಿಸುತ್ತವೆ. ಗೇಟ್‌ವೇ ತಪ್ಪಿದರೆ ಲಕ್ಷಣ ಬೇರೆ: ಮನೆಯ ವೈಫೈನಲ್ಲಿರುವ ಮೊಬೈಲಿಗೆ ಚಿತ್ರ ಬರುತ್ತದೆ, ಹೊರಗಿನವರಿಗೆ ಬರುವುದಿಲ್ಲ, ಏಕೆಂದರೆ ಸಾಧನಕ್ಕೆ ಉತ್ತರವನ್ನು ಹೊರಗೆ ಕಳಿಸುವ ಬಾಗಿಲು ಯಾವುದೆಂದು ತಿಳಿಯದು.

ಇನ್ನೊಂದು, ರೂಟರ್‌ನಲ್ಲಿಯೇ ಕಾಯ್ದಿರಿಸುವುದು. ಪ್ರತಿ ಸಾಧನದ ಜಾಲಭಾಗಕ್ಕೂ ಮ್ಯಾಕ್ ಎಂಬ 48 ಬಿಟ್‌ಗಳ ಗುರುತಿನ ಸಂಖ್ಯೆ ಇರುತ್ತದೆ. ಈ ಮ್ಯಾಕ್ ಬಂದಾಗ ಈ ವಿಳಾಸವನ್ನೇ ಕೊಡು ಎಂದು ರೂಟರ್‌ನಲ್ಲಿ ಬರೆದರೆ ಸಾಧನವನ್ನು ಮುಟ್ಟಬೇಕಾಗಿಲ್ಲ, ಕರೆಂಟ್ ಹೋದರೂ ಈ ಬರಹ ಅಳಿಯದು. ಎಲ್ಲ ವಿಳಾಸಗಳ ಲೆಕ್ಕ ಒಂದೇ ಕಡೆ ಇರುವುದರಿಂದ ಮನೆಗಳಿಗೆ ಈ ವಿಧಾನವೇ ಲೇಸು. ಒಂದು ಎಚ್ಚರ ಮಾತ್ರ ಬೇಕು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಈಚೆಗೆ ಮೊಬೈಲುಗಳು ಗೋಪ್ಯತೆಗಾಗಿ ನಿಜವಾದ ಮ್ಯಾಕ್‌ನ ಬದಲು ಹುಟ್ಟುಹಾಕಿದ ಸಂಖ್ಯೆಯನ್ನು ತೋರಿಸುತ್ತವೆ. ಹಳೆಯ ಮೊಬೈಲನ್ನೇ ಕ್ಯಾಮೆರಾ ಆಗಿ ಬಳಸುವವರು ಆ ಜಾಲದ ಮಟ್ಟಿಗೆ ಈ ಸೌಲಭ್ಯವನ್ನು ನಿಲ್ಲಿಸಬೇಕು.

ಇಂಟರ್‌ನೆಟ್ ಕಂಪನಿ ಬದಲಾಯಿಸಿದಾಗ ಎರಡೂ ವಿಧಾನಗಳು ಕೈಕೊಡುತ್ತವೆ, ಆದರೆ ಬೇರೆ ಬಗೆಯಲ್ಲಿ. ಹಳೆಯ ರೂಟರ್ 192.168.1.1 ಆಗಿದ್ದು ಹೊಸದು 192.168.29.1 ಆಗಿದ್ದರೆ, ಕೈಯಿಂದ ವಿಳಾಸ ತುಂಬಿದ ಡಿವಿಆರ್ ಹೊಸ ಜಾಲಕ್ಕೆ ಸೇರುವುದೇ ಇಲ್ಲ. ಕಾಯ್ದಿರಿಸಿದ ವಿಳಾಸವಿದ್ದ ಡಿವಿಆರ್ ಸೇರುತ್ತದೆ, ಹಳೆಯ ಪೆಟ್ಟಿಗೆಯೊಂದಿಗೆ ಹೋದ ಬರಹವನ್ನು ಹೊಸದರಲ್ಲಿ ಮತ್ತೆ ಬರೆಯಬೇಕು, ಅಷ್ಟೇ.

ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡುವ ಬಗೆ

ಒಳಗಿನಿಂದ ಹೊರಗೆ ಹೋಗುವ ಪ್ರತಿ ಸಂಪರ್ಕವನ್ನೂ ರೂಟರ್ ಒಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ: ಒಳಗಿನ ಯಾವ ವಿಳಾಸದ ಯಾವ ಪೋರ್ಟಿನಿಂದ ಹೊರಟದ್ದು, ತನ್ನ ಯಾವ ಪೋರ್ಟಿನ ಹೆಸರಿನಲ್ಲಿ ಕಳಿಸಿದೆ, ಯಾರಿಗೆ. ಉತ್ತರ ಬಂದಾಗ ಪಟ್ಟಿ ನೋಡಿ ಒಳಗೆ ತಲುಪಿಸುತ್ತದೆ. ಯಾರೂ ಕೇಳದೆ ಹೊರಗಿನಿಂದ ತಾನಾಗಿ ಬಂದ ಪೊಟ್ಟಣಕ್ಕೆ ಪಟ್ಟಿಯಲ್ಲಿ ಸಾಲಿಲ್ಲದ ಕಾರಣ ಅದು ಅಲ್ಲೇ ಬೀಳುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಈ ಪಟ್ಟಿಯಲ್ಲಿ ಮುಂಚಿತವಾಗಿ, ಅಳಿಯದಂತೆ ಬರೆದ ಒಂದು ಸಾಲು.

ಆ ಸಾಲಿಗೆ ನಾಲ್ಕು ಭಾಗ: ಹೊರಪೋರ್ಟ್, ಒಳವಿಳಾಸ, ಒಳಪೋರ್ಟ್, ಮತ್ತು ಟಿಸಿಪಿಯೋ ಯುಡಿಪಿಯೋ ಎಂಬ ಸಾಗಣೆಯ ಬಗೆ. ಉದಾಹರಣೆಗೆ, ಹೊರಪೋರ್ಟ್ 15540ಕ್ಕೆ ಬಂದ ಟಿಸಿಪಿ ಸಂಪರ್ಕವನ್ನು 192.168.1.50ರ 554ಕ್ಕೆ ಕಳಿಸು. ಹೊರಗಿನದೂ ಒಳಗಿನದೂ ಒಂದೇ ಸಂಖ್ಯೆ ಆಗಬೇಕೆಂದಿಲ್ಲ. ಒಂದೇ ಮನೆಯಲ್ಲಿ 554 ಬಳಸುವ ಎರಡು ಕ್ಯಾಮೆರಾಗಳಿದ್ದರೆ ಹೊರಗೆ ಎರಡು ಬೇರೆ ಸಂಖ್ಯೆಗಳನ್ನು ಕೊಡಲೇಬೇಕು.

ಕೈಯಿಂದ ಬರೆದ ಈ ಸಾಲಿನ ಹೊರತು ಬೇರೆ ಬಗೆಗಳೂ ಇವೆ. ಯುಪಿಎನ್‌ಪಿ ಎಂಬ ಸೌಲಭ್ಯದಲ್ಲಿ ಆಟದ ಪೆಟ್ಟಿಗೆಯೋ ಡಿವಿಆರೋ ತಾನೇ ರೂಟರ್‌ಗೆ ಹೇಳಿ ಪೋರ್ಟ್ ತೆರೆಸಿಕೊಳ್ಳುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ, ಮನೆಯವರಿಗೆ ತಿಳಿಯುವುದೂ ಇಲ್ಲ. ಪೋರ್ಟ್ ಟ್ರಿಗರಿಂಗ್‌ನಲ್ಲಿ ಒಳಗಿನ ಸಾಧನ ಒಂದು ಪೋರ್ಟಿನಿಂದ ಹೊರಗೆ ಹೋದಾಗ ಮಾತ್ರ ಇನ್ನೊಂದು ಕೆಲಕಾಲ ತೆರೆದಿರುತ್ತದೆ. ರೂಟರ್‌ಗಳಲ್ಲಿ ಡಿಎಂಝಡ್ ಎಂದು ಬರೆದಿರುವುದು, ಬೇರೆ ನಿಯಮವಿಲ್ಲದ ಎಲ್ಲ ಪೋರ್ಟ್‌ಗಳನ್ನೂ ಒಂದೇ ಸಾಧನಕ್ಕೆ ಬಿಡುವುದು. ಬಾಗಿಲು ತೆರೆಯುವ ಬದಲು ಗೋಡೆಯನ್ನೇ ತೆಗೆದ ಹಾಗೆ. ಕೆಲಸ ಬೇಗ ಮುಗಿಯಲೆಂದು ಇದನ್ನು ಆರಿಸುವುದುಂಟು.

ಹೊರವಿಳಾಸವೂ ಸಾಮಾನ್ಯ ಸಂಪರ್ಕಗಳಲ್ಲಿ ಬದಲಾಗುತ್ತಿರುತ್ತದೆ. ಅದಕ್ಕೆ ಪರಿಹಾರ ಡಿಡಿಎನ್‌ಎಸ್: ರೂಟರೋ ಡಿವಿಆರೋ ತನ್ನ ಹೊಸ ಹೊರವಿಳಾಸವನ್ನು ಒಂದು ಸೇವೆಗೆ ತಿಳಿಸುತ್ತಲೇ ಇರುತ್ತದೆ, ನೋಡುವವರು ಸಂಖ್ಯೆಯ ಬದಲು ಒಂದು ಹೆಸರನ್ನು ಬಳಸುತ್ತಾರೆ.

ಎರಡು ಪದರಗಳ ತೊಡಕು

ಬಂಗಾರಪೇಟೆ ಸೀಮೆಯ ಹಳೆಯ ಮನೆಗಳಲ್ಲಿ ಕಲ್ಲಿನ ದಪ್ಪ ಗೋಡೆ, ಮೇಲೆ ಕಲ್ಲುಚಪ್ಪಡಿ. ಬೇಸಿಗೆಗೆ ತಂಪು, ವೈಫೈಗೆ ಶತ್ರು. ನಡುಮನೆಯ ಸಂಕೇತ ಹಿತ್ತಲಿಗೆ ಮುಟ್ಟುವುದಿಲ್ಲವೆಂದು ಎರಡನೆಯ ರೂಟರ್ ತಂದು ಮೊದಲನೆಯದಕ್ಕೆ ಜೋಡಿಸುವುದು ಸಾಮಾನ್ಯ. ಅದನ್ನು ಆಕ್ಸೆಸ್ ಪಾಯಿಂಟ್ ಆಗಿ ಬದಲಾಯಿಸದೆ ಬಿಟ್ಟರೆ ಅದೂ ತನ್ನದೇ ಒಳಜಾಲ ಹೂಡುತ್ತದೆ. ಆಗ ಅದರ ಹಿಂದಿನ ಕ್ಯಾಮೆರಾಕ್ಕೆ ನ್ಯಾಟ್ ಎರಡು ಪದರವಾಗುತ್ತದೆ. ಒಂದೇ ರೂಟರ್‌ನಲ್ಲಿ ಬರೆದ ನಿಯಮ ಅರ್ಧ ದಾರಿಗೆ ನಿಲ್ಲುತ್ತದೆ. ಎರಡರಲ್ಲೂ ನಿಯಮ ಬರೆಯಬಹುದು, ಆದರೆ ಎರಡನೆಯದರ ರೂಟರ್ ಕೆಲಸವನ್ನು ನಿಲ್ಲಿಸಿ ಬರೀ ವೈಫೈ ಹಬ್ಬಿಸಲು ಬಿಡುವುದೇ ಸರಳ.

ಮನೆಯೊಳಗಿನ ಈ ತೊಡಕಿಗೆ ಮನೆಯಲ್ಲೇ ಮದ್ದಿದೆ. ಕಂಪನಿಯ ಕಡೆಯ ಪದರ ಹಾಗಲ್ಲ. ಜಗತ್ತಿನ ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿ 3ರಂದು ಬರಿದಾಯಿತು. ಭಾರತ ಸೇರಿದ ಏಷ್ಯಾ-ಪೆಸಿಫಿಕ್ ವಲಯದ ನೋಂದಣಿ ಸಂಸ್ಥೆ ಎಪಿನಿಕ್ ಅದೇ ವರ್ಷದ ಏಪ್ರಿಲ್ 15ರಂದು ತನ್ನ ಕೊನೆಯ ಕಂತಿಗೆ ಬಂದು ಪಡಿತರದಂತೆ ಹಂಚತೊಡಗಿತು. ಅದಾದ ಮೇಲೆ ಕೋಟ್ಯಂತರ ಗಿರಾಕಿಗಳನ್ನು ಸೇರಿಸಿಕೊಂಡ ಕಂಪನಿಗಳು ಪ್ರತಿ ಮನೆಗೆ ಒಂದು ಹೊರವಿಳಾಸ ಕೊಡಲಾಗದೆ, ಹಲವು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಇಟ್ಟವು. ಇದೇ ಸಿಜಿನ್ಯಾಟ್. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ಗುಂಪನ್ನು ಮೀಸಲಿಡಲಾಯಿತು. ಸಿಜಿನ್ಯಾಟ್ ಹಿಂದಿರುವ ಮನೆಯಲ್ಲಿ ರೂಟರ್‌ನ ನಿಯಮ ಎಷ್ಟು ಸರಿಯಿದ್ದರೂ ಫಲವಿಲ್ಲ: ಹೊರಗಿನ ಸಂಪರ್ಕ ಕಂಪನಿಯ ಯಂತ್ರದಲ್ಲೇ ಬಿದ್ದುಹೋಗುತ್ತದೆ, ಮನೆಯ ರೂಟರ್‌ನ ಬಾಗಿಲವರೆಗೆ ಬರುವುದೇ ಇಲ್ಲ. ತೋಟದ ಪಂಪ್‌ಶೆಡ್ಡಿನಲ್ಲಿ ಸಿಮ್ ಹಾಕಿ ನಡೆಸುವ 4ಜಿ ರೂಟರ್‌ಗಳದೂ ಸಾಮಾನ್ಯವಾಗಿ ಇದೇ ಸ್ಥಿತಿ.

ಗುರುತಿಸುವುದು ಸುಲಭ. ರೂಟರ್‌ನ ಸ್ಥಿತಿ ಪುಟದಲ್ಲಿ ಹೊರಮುಖಕ್ಕೆ ಬಂದಿರುವ ವಿಳಾಸವನ್ನೂ, ‘ನನ್ನ ಐಪಿ ಯಾವುದು’ ಎಂದು ತೋರಿಸುವ ವೆಬ್ ಪುಟದಲ್ಲಿ ಕಾಣುವ ವಿಳಾಸವನ್ನೂ ಹೋಲಿಸಬೇಕು. ಎರಡೂ ಬೇರೆಯಾಗಿದ್ದರೆ, ಅಥವಾ ಹೊರಮುಖದ ವಿಳಾಸ ಮೇಲಿನ ಗುಂಪಿನದೋ 10ರಿಂದ ಮೊದಲಾಗುವುದೋ ಆಗಿದ್ದರೆ, ನಡುವೆ ಇನ್ನೊಂದು ಪದರವಿದೆ ಎಂದರ್ಥ. ಫಾರ್ವರ್ಡಿಂಗ್ ನಿಯಮವನ್ನು ಪರೀಕ್ಷಿಸುವುದು ಮೊಬೈಲ್ ಡೇಟಾದಿಂದ. ಮನೆಯ ವೈಫೈನಲ್ಲೇ ಕುಳಿತು ಹೊರವಿಳಾಸವನ್ನು ಕರೆದರೆ ಅದನ್ನು ಒಳಗೆ ತಿರುಗಿಸುವ ಶಕ್ತಿ ಎಲ್ಲ ರೂಟರ್‌ಗಳಿಗೂ ಇರುವುದಿಲ್ಲ, ಸರಿಯಾದ ನಿಯಮವೂ ತಪ್ಪಿದಂತೆ ಕಾಣುತ್ತದೆ.

ಉಪಯೋಗಗಳು

ಸಿಸಿಟಿವಿಯನ್ನು ಬಿಟ್ಟರೆ, ಮನೆಯ ಕಂಪ್ಯೂಟರನ್ನು ಕಚೇರಿಯಿಂದ ನಡೆಸುವುದು, ಫೋಟೊಗಳ ದಾಸ್ತಾನು ಪೆಟ್ಟಿಗೆಯನ್ನು ಹೊರಗಿನಿಂದ ತೆರೆಯುವುದು, ಗೆಳೆಯರ ಆಟಗಳಿಗೆ ಸರ್ವರ್ ಆಗುವುದು ಮುಖ್ಯ ಬಳಕೆಗಳು. ಸ್ಥಿರ ಒಳವಿಳಾಸಕ್ಕೆ ಫಾರ್ವರ್ಡಿಂಗ್ ಇಲ್ಲದೆಯೂ ಉಪಯೋಗವಿದೆ. ಜೆರಾಕ್ಸ್ ಅಂಗಡಿಯ ವೈಫೈ ಪ್ರಿಂಟರ್‌ನ ವಿಳಾಸ ಬದಲಾದ ದಿನ ಎಲ್ಲ ಕಂಪ್ಯೂಟರ್‌ಗಳಲ್ಲೂ ಅದು ಆಫ್‌ಲೈನ್ ಎಂದು ತೋರುವುದು ಈ ಕಾರಣಕ್ಕೆ.

ಅಪಾಯ ಮತ್ತು ಭದ್ರತೆ

ತೆರೆದ ಪೋರ್ಟ್ ಮನೆಯವರಿಗೆ ಮಾತ್ರ ತೆರೆದಿರುವುದಿಲ್ಲ. ಇಂಟರ್‌ನೆಟ್‌ನ ಎಲ್ಲ ವಿಳಾಸಗಳನ್ನೂ ಸಾಲಾಗಿ ತಟ್ಟಿನೋಡುವ ತಂತ್ರಾಂಶಗಳು ಹಗಲೂ ರಾತ್ರಿ ನಡೆಯುತ್ತಿರುತ್ತವೆ. 554ರ ಬದಲು 15540 ಇಟ್ಟರೆ ಅವುಗಳ ಕಣ್ಣಿಗೆ ಬೀಳುವುದು ತುಸು ತಡವಾಗಬಹುದು, ತಪ್ಪುವುದಿಲ್ಲ. 2016ರಲ್ಲಿ ಹರಡಿದ ಮಿರಾಯ್ ಎಂಬ ದುಷ್ಟ ತಂತ್ರಾಂಶ, ದೂರದಿಂದ ಆದೇಶ ಕೊಡುವ ಟೆಲ್ನೆಟ್‌ನ 23 ಮತ್ತು 2323ನೇ ಪೋರ್ಟುಗಳು ತೆರೆದಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಗೆ ಕಾರ್ಖಾನೆಯ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ನುಗ್ಗಿತು. ಅದೇ ವರ್ಷದ ಅಕ್ಟೋಬರ್ 21ರಂದು ಆ ಸಾಧನಗಳ ಪಡೆ ಡೈನ್ ಎಂಬ ಅಮೆರಿಕದ ಡಿಎನ್‌ಎಸ್ ಸಂಸ್ಥೆಯ ಮೇಲೆ ಬಿದ್ದು ಹಲವು ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಮಸುಕಾಗಿಸಿತು. ಡೈನ್ ಡಿಡಿಎನ್‌ಎಸ್ ಸೇವೆಯಿಂದಲೇ ಹೆಸರಾದ ಸಂಸ್ಥೆಯಾಗಿತ್ತು.

ಪೋರ್ಟ್ ತೆರೆಯುವ ಮನೆಯಲ್ಲಿ ಮಾಡಬೇಕಾದವು: ಡಿವಿಆರ್ ಮತ್ತು ರೂಟರ್ ಎರಡರ ಪಾಸ್‌ವರ್ಡನ್ನೂ ಬದಲಾಯಿಸುವುದು, ತಯಾರಕರ ಹೊಸ ಫರ್ಮ್‌ವೇರ್ ಹಾಕುವುದು, ಯುಪಿಎನ್‌ಪಿಯನ್ನು ನಿಲ್ಲಿಸುವುದು, ಬೇಕಾದ ಒಂದೆರಡು ಪೋರ್ಟ್‌ಗಳನ್ನಷ್ಟೇ ತೆರೆಯುವುದು, ರೂಟರ್‌ನ ಆಡಳಿತ ಪುಟವನ್ನು ಎಂದೂ ಹೊರಗೆ ಬಿಡದಿರುವುದು. ಜೋಡಿಸಿದವರು ಹೋದ ಮೇಲೆ ಪಾಸ್‌ವರ್ಡ್ ಬದಲಾಯಿಸುವ ರೂಢಿ ಇಲ್ಲದಿರುವುದು ದೊಡ್ಡ ಕೊರತೆ. ಕೇಂದ್ರ ಸರ್ಕಾರ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು 2025ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿದೆ. ಅದಕ್ಕೆ ಮುಂಚೆ ಮಾರಾಟವಾಗಿ ಗೋಡೆಯ ಮೇಲಿರುವವುಗಳಿಗೆ ಆ ಪರೀಕ್ಷೆಯ ಪ್ರಯೋಜನ ಸಿಗದು.

ಇಂದಿನ ಸ್ಥಿತಿ

ಹೊಸ ಡಿವಿಆರ್‌ಗಳು ಈಗ ಪೋರ್ಟ್ ಕೇಳುವುದಿಲ್ಲ. ಪೆಟ್ಟಿಗೆಯ ಮೇಲಿನ ಕ್ಯೂಆರ್ ಚಿತ್ರವನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿದರೆ ಸಾಕು. ಡಿವಿಆರ್ ಮತ್ತು ಮೊಬೈಲ್ ಎರಡೂ ತಯಾರಕರ ಸರ್ವರ್‌ಗೆ ತಾವೇ ಹೊರಟುಹೋಗಿ ಅಲ್ಲಿ ಸಂಧಿಸುತ್ತವೆ. ಎರಡೂ ಕಡೆಯಿಂದ ಸಂಪರ್ಕ ಹೊರಮುಖವಾದದ್ದರಿಂದ ಸಿಜಿನ್ಯಾಟ್ ಅಡ್ಡಬರುವುದಿಲ್ಲ. ಇದಕ್ಕೆ ತೆರುವ ಬೆಲೆಯೆಂದರೆ ಮನೆಯ ದೃಶ್ಯಕ್ಕೂ ಮನೆಯವರಿಗೂ ನಡುವೆ ಎಲ್ಲೋ ಇರುವ ಒಂದು ಕಂಪನಿ. ಅದು ಸೇವೆ ನಿಲ್ಲಿಸಿದರೆ ಚಿತ್ರವೂ ನಿಲ್ಲುತ್ತದೆ. ಇನ್ನೊಂದು ದಾರಿ ವಿಪಿಎನ್. ವೈರ್‌ಗಾರ್ಡ್‌ನಂಥ ತಂತ್ರಾಂಶಕ್ಕೆ ಒಂದೇ ಯುಡಿಪಿ ಪೋರ್ಟ್, ರೂಢಿಯಲ್ಲಿ 51820, ತೆರೆದು ಅದರ ಮೂಲಕ ಇಡೀ ಒಳಜಾಲವನ್ನು ಸುರಕ್ಷಿತವಾಗಿ ತಲುಪಬಹುದು. ಸಾರ್ವಜನಿಕ ಹೊರವಿಳಾಸವೇ ಬೇಕೆನ್ನುವವರಿಗೆ ಕೆಲವು ಕಂಪನಿಗಳು ಹೆಚ್ಚುವರಿ ಶುಲ್ಕಕ್ಕೆ ಅದನ್ನು ಕೊಡುತ್ತವೆ.

ವಿಳಾಸದ ಬರಕ್ಕೆ ಮೂಲ ಪರಿಹಾರ ಐಪಿಯ ಆರನೇ ಆವೃತ್ತಿ. 1995ರಲ್ಲಿ ಮೊದಲು ಪ್ರಕಟವಾದ ಇದರಲ್ಲಿ ವಿಳಾಸಕ್ಕೆ 128 ಬಿಟ್‌ಗಳು; ಒಟ್ಟು ವಿಳಾಸಗಳನ್ನು ಬರೆದರೆ 39 ಅಂಕಿಗಳ ಸಂಖ್ಯೆ. ದೂರಸಂಪರ್ಕ ಇಲಾಖೆ 2010ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿದ ಜಿಯೊ ಮೊದಲಿನಿಂದಲೂ ಇದನ್ನೇ ನೆಚ್ಚಿದ್ದರಿಂದ ಭಾರತ ಇಂದು ಆರನೇ ಆವೃತ್ತಿಯನ್ನು ಅತಿ ಹೆಚ್ಚು ಬಳಸುವ ದೇಶಗಳ ಮುಂಚೂಣಿಯಲ್ಲಿದೆ. ಇದರಲ್ಲಿ ಪ್ರತಿ ಸಾಧನಕ್ಕೂ ತನ್ನದೇ ಸಾರ್ವಜನಿಕ ವಿಳಾಸ ಸಿಗುವುದರಿಂದ ನ್ಯಾಟ್ ಬೇಡ, ಫಾರ್ವರ್ಡಿಂಗೂ ಬೇಡ. ರೂಟರ್‌ನ ಫೈರ್‌ವಾಲ್‌ನಲ್ಲಿ ಆ ವಿಳಾಸದ ಆ ಪೋರ್ಟಿಗೆ ಅನುಮತಿ ಬರೆದರೆ ಸಾಕು. ಆದರೆ ಕಂಪನಿ ಕೊಡುವ ವಿಳಾಸದ ಮುಂಭಾಗ ಆಗಾಗ ಬದಲಾಗಬಹುದು, ಹಲವು ಅಗ್ಗದ ಡಿವಿಆರ್‌ಗಳಿಗೆ ಆರನೇ ಆವೃತ್ತಿಯ ಪರಿಚಯವಿಲ್ಲ, ನೋಡುವವರ ಕಡೆಯ ಜಾಲದಲ್ಲೂ ಅದಿರಬೇಕು. ಕಂಪನಿ ಕೊಟ್ಟ ಕೆಲವು ರೂಟರ್‌ಗಳಲ್ಲಿ ಈ ಅನುಮತಿ ಬರೆಯುವ ಪುಟವೇ ಇರುವುದಿಲ್ಲ.